ತೊಟ್ಟಿಯೆಂಬ ಕ್ರೀಡಾಂಗಣ

ಕ್ರೀಡಾವಾರ್ತೆಯನ್ನು ಕೇಳುವಾಗ ಪರದೇಶದ ಕಾಲ್ಚೆಂಡಿನ ಸಂಘಗಳ ಹೆಸರುಗಳು ಕಿವಿಗೆ ಬೀಳುತ್ತವೆ, ಮರುಗಳಿಗೆಯಲ್ಲೇ ಮರೆತುಹೋಗುತ್ತವೆ. ಅಂಥ ಒಂದು ಹೆಸರು ಫೈಯನೋರ್ಡ್. ಈ ಸಂಘದ ಕಥೆಯನ್ನು ಅದರ ಆಟದ ಬಯಲಿನಿಂದ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಆದುದರಿಂದ ಎರಡನ್ನೂ ಕೂಡಿಸಿಯೇ ಹೇಳುತ್ತೇನೆ.

ಹಾಲೆಂಡಿನ ರಾಟರ್‌ಡ್ಯಾಮ್ ದೊಡ್ಡ ಬಂದರು. ಮಾಸ್ ನದಿಯು ಊರನ್ನು ಇಬ್ಭಾಗ ಮಾಡಿದೆ. ಉತ್ತರದ ದಡದಲ್ಲಿ ಪೇಟೆಯೂ ವರ್ತಕರ ಕಚೇರಿಗಳೂ ಬೆಳೆದವು. ದಕ್ಷಿಣದ ದಡದಲ್ಲಿ ಹಡಗುಕಟ್ಟೆಗಳೂ ಅಲ್ಲಿ ದುಡಿಯುವವರ ಮನೆಗಳೂ ಬೆಳೆದವು. ಫೈಯನೋರ್ಡ್ ಎಂಬುದು ಈ ದಕ್ಷಿಣದ ಕೇರಿಗಳಲ್ಲೊಂದು. 1908ರಲ್ಲಿ ಆ ಭಾಗದವರು ಸಂಘ ಕಟ್ಟಿ, ಮೊದಲು ವಿಲ್ಹೆಲ್ಮಿನಾ ಎಂದು ಹೆಸರಿಟ್ಟರು. ಆಗಿನ ರಾಣಿಯ ಹೆಸರೂ ಅದೇ. 1912ರಿಂದ ಕೇರಿಯ ಹೆಸರೇ ನಿಂತಿತು.

ಹೆಸರಿನ ಬರವಣಿಗೆಯಲ್ಲೂ ಒಂದು ಸ್ವಾರಸ್ಯವಿದೆ. ಡಚ್ಚರು 'ಐ' ಎಂಬ ಧ್ವನಿಯನ್ನು ಹಲವೆಡೆ ಐ, ಜೆ ಎಂಬ ಎರಡು ರೋಮನ್ ಅಕ್ಷರಗಳನ್ನು ಜೋಡಿಸಿ ಬರೆಯುತ್ತಾರೆ. ಹೊರದೇಶದವರು ಇದನ್ನು ಬಾಯಿಗೆ ಬಂದಂತೆ ಓದತೊಡಗಿದುದರಿಂದ 1974ರಲ್ಲಿ ಸಂಘವು ಅವುಗಳ ಬದಲು 'ವೈ' ಅಕ್ಷರವೊಂದನ್ನೇ ಇಟ್ಟುಕೊಂಡಿತು. ಕೇರಿಯೂ ಕ್ರೀಡಾಂಗಣವೂ ಹಳೆಯ ಕಾಗುಣಿತವನ್ನು ಬಿಟ್ಟಿಲ್ಲ. ಪಾಠಾಂತರಗಳೊಡನೆ ಕಾಲ ಕಳೆದ ನನ್ನಂಥವನಿಗೆ ಇದೊಂದು ಸಣ್ಣ ಸಂತೋಷ.

ಇನ್ನು ಕ್ರೀಡಾಂಗಣಕ್ಕೆ ಬರೋಣ. ಜನ ಅದನ್ನು ಕರೆಯುವುದು 'ಡೆ ಕೌಪ್' ಎಂದು. ಕೌಪ್ ಎಂದರೆ ನೀರು ತುಂಬುವ ತೊಟ್ಟಿ. ನಮ್ಮ ಮಾತೂ ಇಲ್ಲಿ ಚೆನ್ನಾಗಿ ಒದಗುತ್ತದೆ: ತೊಟ್ಟಿಯ ಮನೆಯಲ್ಲಿ ನಡುವೆ ತೆರೆದ ಅಂಗಳ, ಸುತ್ತಲೂ ಜಗಲಿ, ಯಾವ ಮೂಲೆಯಲ್ಲಿ ಕುಳಿತರೂ ಅಂಗಳ ಕಾಣುತ್ತದೆ. ಆ ಬಯಲಿನ ಗುಟ್ಟೂ ಇದೇ.

1930ರ ದಶಕದಲ್ಲಿ ಸಂಘದ ಅಧ್ಯಕ್ಷರಾಗಿದ್ದ ಲೇನ್ ವಾನ್ ಜಾಂಡ್‌ಫ್ಲೀಟ್ ಎಂಬವರಿಗೆ ಒಂದು ಹಟವಿತ್ತು. ಎರಡು ಅಂತಸ್ತಿನ ಪ್ರೇಕ್ಷಕಾಂಗಣವಾಗಬೇಕು, ಆದರೆ ಯಾರ ಕಣ್ಣಿಗೂ ಕಂಬ ಅಡ್ಡ ಬರಕೂಡದು. ಬೇಸಗೆಯ ನಾಟಕದ ಡೇರೆಯಲ್ಲಿ ಕಂಬದ ಹಿಂದೆ ಕುಳಿತು ದುರ್ಯೋಧನನ ಗದೆಯನ್ನು ಮಾತ್ರ ಕಂಡು, ದುರ್ಯೋಧನನನ್ನು ಕಾಣದೆ ಎದ್ದುಬಂದವನು ನಾನು. ಈ ಹಟದ ಬೆಲೆಯನ್ನು ಬಲ್ಲೆ. ವಾಸ್ತುಶಿಲ್ಪಿ ವಾನ್ ಡರ್ ಫ್ಲುಖ್ಟ್ ಉಕ್ಕಿನ ಚೌಕಟ್ಟಿನಿಂದ ಇದನ್ನು ಸಾಧಿಸಿದರು. ಗೋಡೆಯಿಂದ ಹೊರಚಾಚಿದ ಸಜ್ಜವು ತುದಿಯಲ್ಲಿ ಆಸರೆಯಿಲ್ಲದೆ ನಿಲ್ಲುತ್ತದಲ್ಲವೆ? ಹಾಗೆಯೇ ಮೇಲಿನ ಅಂತಸ್ತು ಹಿಂಬದಿಯ ಉಕ್ಕಿನ ಬಲದಿಂದ ಕೆಳಗಿನವರ ತಲೆಯ ಮೇಲೆ ಚಾಚಿ ನಿಂತಿತು. ಅದೇ ಊರಿನ ವಾನ್ ನೆಲ್ಲೆ ಎಂಬ ಪ್ರಸಿದ್ಧ ಗಾಜಿನ ಕಾರ್ಖಾನೆಯನ್ನು ಕಟ್ಟಿದವರಲ್ಲಿಯೂ ಈತ ಒಬ್ಬರು. ಆದರೆ ಕ್ರೀಡಾಂಗಣ ಮುಗಿದುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ, 1936ರಲ್ಲಿಯೇ ತೀರಿಕೊಂಡರು.

ಆಸರೆಯಿಲ್ಲದ ಅಂತಸ್ತು ಜನರ ಭಾರವನ್ನು ತಡೆದೀತೆ ಎಂದು ಕೆಲವರಿಗೆ ಅಂಜಿಕೆ. ಅದು ಕೆಲಸಕ್ಕೆ ಬರವಿದ್ದ ಕಾಲ. ಉದ್ಯೋಗವಿಲ್ಲದವರನ್ನು ಕರೆತಂದು ಮೇಲೆ ಹತ್ತಿಸಿ, ಎಲ್ಲರೂ ಕೂಡಿ ಕುಣಿಯಿರಿ ಎಂದರಂತೆ. ಉಕ್ಕು ಜಗ್ಗಲಿಲ್ಲ. 1937ರ ಮಾರ್ಚ್ 27ರಂದು ಬೆಲ್ಜಿಯಮ್ಮಿನ ಬೇರ್‌ಸ್ಕಾಟ್ ಸಂಘವನ್ನು 5-2ರಿಂದ ಸೋಲಿಸಿ ಪ್ರಾರಂಭೋತ್ಸವವೂ ಆಯಿತು. ಅರವತ್ತು ಸಾವಿರಕ್ಕೂ ಮೀರಿದ ಜನಕ್ಕೆ ಸ್ಥಳವಿತ್ತು.

ಮೂರೇ ವರ್ಷದಲ್ಲಿ ಯುದ್ಧ ಬಂತು. 1940ರ ಮೇ 14ರಂದು ಜರ್ಮನರು ಹಾಕಿದ ಬಾಂಬುಗಳಿಂದ ಊರಿನ ನಡುಭಾಗ ಸುಟ್ಟುಹೋಯಿತು. ದಕ್ಷಿಣದ ತೊಟ್ಟಿ ಉಳಿಯಿತು. ಉಳಿದುದಕ್ಕೆ ಬೇರೆಯ ಬಗೆಯ ಗತಿ ಕಾದಿತ್ತು. 1944ರ ನವೆಂಬರ್ 10 ಮತ್ತು 11ರಂದು ಜರ್ಮನ್ ಸೈನಿಕರು ಬೀದಿಬೀದಿಗಳನ್ನು ಮುಚ್ಚಿ, ಹದಿನೇಳರಿಂದ ನಲವತ್ತು ವರ್ಷದ ಸುಮಾರು 50,000 ಗಂಡಸರನ್ನು ದುಡಿಮೆಗೆಂದು ಹಿಡಿದು ಸಾಗಿಸಿದರು. ಹಿಡಿದವರನ್ನು ಮೊದಲು ಕೂಡಿಹಾಕಿದ ಸ್ಥಳಗಳಲ್ಲಿ ಈ ಕ್ರೀಡಾಂಗಣವೂ ಒಂದು. ಭಾನುವಾರದಂದು ಆಟ ನೋಡಿ ಕೇಕೆ ಹಾಕಿದ್ದ ಮೆಟ್ಟಿಲುಗಳ ನಡುವೆಯೇ ಎಷ್ಟೋ ಜನ ಬಂದಿಗಳಾಗಿ ನಿಂತಿರಬೇಕು.

ಯುದ್ಧಾನಂತರದ ಕಥೆ ಹರ್ಷದ್ದು. ಹಣ ಪಡೆದು ಆಡುವ ಪದ್ಧತಿ ಹಾಲೆಂಡಿಗೆ ಬಂದದ್ದು 1954ರಲ್ಲಿ. 1963ರಲ್ಲಿ ಸಂಘವು ಯೂರೋಪಿನ ಬಟ್ಟಲಿನ ಉಪಾಂತ್ಯಕ್ಕೇರಿ ಲಿಸ್ಬನ್ನಿನಲ್ಲಿ ಬೆನ್ಫಿಕಾದೊಡನೆ ಆಡಬೇಕಾದಾಗ, ಅಭಿಮಾನಿಗಳು ಸಾವಿರಗಟ್ಟಲೆಯಾಗಿ ಎರಡು ಹಡಗುಗಳನ್ನೇರಿ ಹೊರಟರು. ಬಂದರಿನ ಜನಕ್ಕೆ ತಕ್ಕ ತೀರ್ಥಯಾತ್ರೆ! ಅಂದು ಸೋತರು, 3-1. ಏಳು ವರ್ಷ ಕಳೆದು 1970ರ ಮೇ 6ರಂದು ಮಿಲಾನಿನಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸಂಘವನ್ನು 2-1ರಿಂದ ಗೆದ್ದರು. ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಸ್ವೀಡನ್ನಿನ ಕಿಂಡ್ವಾಲ್ ಗೋಲು ಹೊಡೆದರು. ಆ ಬಟ್ಟಲನ್ನು ಹಾಲೆಂಡಿಗೆ ಮೊದಲು ತಂದವರು ಇವರೇ. ಹೆಚ್ಚು ಹೆಸರಾದ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಅಲ್ಲ. ಈ ಮಾತನ್ನು ರಾಟರ್‌ಡ್ಯಾಮಿನವರು ಯಾರೂ ಮರೆಯಗೊಡುವುದಿಲ್ಲ.

1994ರಲ್ಲಿ ಕ್ರೀಡಾಂಗಣವನ್ನು ನವೀಕರಿಸಿ ಪ್ರೇಕ್ಷಕರ ಮೇಲೆ ಮಾಡು ಹೊದಿಸಿದರು. ಆಮೇಲೆ ನದೀತೀರದಲ್ಲಿ ಇನ್ನೂ ದೊಡ್ಡದೊಂದನ್ನು ಕಟ್ಟುವ ಯೋಜನೆ ವರ್ಷಗಟ್ಟಲೆ ನಡೆಯಿತು. ಹೊಸದಾದರೆ ಆದಾಯ ಹೆಚ್ಚೀತೆಂದು ಒಂದು ಪಕ್ಷ. ತೊಟ್ಟಿಯನ್ನು ಬಿಟ್ಟು ಬರುವುದಿಲ್ಲವೆಂದು ಅಭಿಮಾನಿಗಳಲ್ಲಿ ಹಲವರು. ಇತ್ತ ವೆಚ್ಚವೂ ಏರಿತು. ಕೊನೆಗೆ 2022ರಲ್ಲಿ ಸಂಘವು ಆ ಯೋಜನೆಯನ್ನು ಕೈಬಿಟ್ಟಿತು. ಗೋಲು ಬಿದ್ದು ಜನರೆಲ್ಲ ಒಟ್ಟಿಗೆ ಕುಣಿದಾಗ ಮೇಲಿನ ಅಂತಸ್ತು ಕಾಲಡಿಯಲ್ಲಿ ತುಸು ಅಲುಗುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ. ಅಲುಗಿದರೂ ಅಲ್ಲಿ ಯಾರೂ ಹೆದರುವುದಿಲ್ಲವಂತೆ.