ಮನೆಗೆ ಬರುವ ಚಿತ್ರಗುರು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಗೆ ಅಂಜಿ ಎಷ್ಟೋ ಮಂದಿ ತಮ್ಮ ಎಳೆತನದ ಆಸೆಗಳನ್ನು ಹತ್ತಿಕ್ಕಿಕೊಂಡಿದ್ದಾರೆ. ನೋಟುಪುಸ್ತಕದ ಅಂಚಿನಲ್ಲೆಲ್ಲ ಮುಖಗಳನ್ನು ಬರೆಯುತ್ತಿದ್ದ ಹುಡುಗ ಇಂದು ಬ್ಯಾಂಕಿನಲ್ಲಿ ಗುಮಾಸ್ತ. ರಂಗೋಲಿಯ ನವಿಲಿಗೆ ಜೀವ ತುಂಬುತ್ತಿದ್ದ ಹುಡುಗಿ ಇಂದು ಎರಡು ಮಕ್ಕಳ ತಾಯಿ. ವಾರಪತ್ರಿಕೆಯ ಕಥೆಯ ನೆತ್ತಿಯ ಮೇಲಿನ ಚಿತ್ರವನ್ನು ಕಂಡಾಗ ‘ಇಂಥದನ್ನು ನಾನೂ ಬರೆಯಬಹುದಿತ್ತು’ ಎಂಬ ನಿಟ್ಟುಸಿರು ಅವರಿಂದ ಹೊರಡದೆ ಇರದು. ನೌಕರಿಯನ್ನೋ ಸಂಸಾರವನ್ನೋ ಬಿಟ್ಟು ಕಲಾಶಾಲೆಗೆ ಸೇರುವಂತಿಲ್ಲ. ಮನೆಯಲ್ಲಿ ಕುಳಿತೇ ಕಥಾಚಿತ್ರ ಕಲಿಯಿರೆಂದು ದೂರಶಿಕ್ಷಣದ ಜಾಹೀರಾತು ಕೈಬೀಸಿ ಕರೆಯುತ್ತದೆ. ತಿಂಗಳ ಸಂಬಳದಿಂದ ಆ ಶುಲ್ಕವನ್ನು ತೆರುವುದು ಉಚಿತವೇ? ಈ ಪ್ರಶ್ನೆಗೆ ಉತ್ತರವನ್ನು ಜಾಹೀರಾತಿನಲ್ಲಿ ಅರಸುವುದಕ್ಕಿಂತ ಈ ಶಿಕ್ಷಣದ ಚರಿತ್ರೆಯಲ್ಲಿ ಅರಸುವುದು ಲೇಸು.

ಕ್ಷೌರಿಕನ ಮಗ

೧೯೪೦ರ ಮಾತು. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಗೃಹಸ್ಥನೊಬ್ಬನ ಪತ್ನಿ, ಚಿತ್ರ ಬರೆಯುವ ಆಸೆಯುಳ್ಳವರಿಗೆ ಕರೆ ಕೊಡುವ ಜಾಹೀರಾತೊಂದನ್ನು ಮಗನಿಗೆ ತೋರಿಸಿದಳು. ನೆರೆಯ ಮಿನಿಯಾಪೊಲಿಸ್ ನಗರದ ಅಂಚೆ ಚಿತ್ರಶಾಲೆಯದು ಅದು. ಶುಲ್ಕ ೧೭೦ ಡಾಲರು. ತಂದೆ ಅದನ್ನು ಕಂತು ಕಂತಾಗಿ ತೆತ್ತನು. ಶಾಲೆ ಕೂಗಳತೆಯಲ್ಲಿದ್ದರೂ ನಾಚಿಕೆಯ ಸ್ವಭಾವದ ಹುಡುಗ ತನ್ನ ಚಿತ್ರಗಳನ್ನು ಅಂಚೆಯಲ್ಲಿಯೇ ಕಳುಹಿಸುತ್ತಿದ್ದನು. ಮಕ್ಕಳ ಆಕೃತಿಗಳನ್ನು ಬರೆಯುವ ಪಾಠದಲ್ಲಿ ಅವನಿಗೆ ದೊರೆತುದು ಕೇವಲ ‘ಸಿ ಪ್ಲಸ್’. ಅವನೇ ಚಾರ್ಲ್ಸ್ ಷುಲ್ಜ್. ಮಹಾಯುದ್ಧದಿಂದ ಮರಳಿದ ಮೇಲೆ ಅದೇ ಶಾಲೆಯಲ್ಲಿ ವಿದ್ಯಾರ್ಥಿಗಳ ಪಾಠಗಳನ್ನು ತಿದ್ದುವ ಉಪಾಧ್ಯಾಯನಾದನು. ೧೯೫೦ರ ಅಕ್ಟೋಬರ್ ೨ರಂದು ಅವನ ‘ಪೀನಟ್ಸ್’ ಚಿತ್ರಮಾಲೆ ಆರಂಭವಾಗಿ, ೨೦೦೦ದ ಫೆಬ್ರವರಿಯವರೆಗೆ ನಡೆಯಿತು. ಮಕ್ಕಳ ಚಿತ್ರದಲ್ಲಿ ಸಾಧಾರಣ ಅಂಕ ಪಡೆದವನು ಮಕ್ಕಳ ಚಿತ್ರಗಳಿಂದಲೇ ಲೋಕವಿಖ್ಯಾತನಾದನು!

ಜಾಹೀರಾತಿನವರಿಗೆ ಇಂಥ ಕಥೆ ಬಲು ಪ್ರಿಯ. ಆದರೆ ಷುಲ್ಜ್‌ಗೆ ಆಗ ಇನ್ನೂ ಸಂಸಾರದ ಹೊರೆಯಿಲ್ಲದ ಪ್ರಾಯ. ಅಂಕಕ್ಕೆ ಎದೆಗುಂದದೆ ದಿನವೂ ಬರೆದ ಅವನ ಹಟವನ್ನು ಯಾವ ಶಾಲೆಯೂ ಅಂಚೆಯಲ್ಲಿ ಕಳುಹಿಸಿರಲಿಲ್ಲ.

ತಿದ್ದುವ ಕೈ

ಚಿತ್ರವಿದ್ಯೆಯಲ್ಲಿ ಗುರುವಿನ ಮಾತಿಗಿಂತ ಗುರುವಿನ ಕೈ ಮುಖ್ಯ. ಗೆರೆ ಎಲ್ಲಿ ಮೊದಲಾಯಿತು, ನೆರಳು ಯಾವಾಗ ಬಿತ್ತು ಎಂಬುದನ್ನು ಕಣ್ಣಾರೆ ಕಾಣಬೇಕು. ದೂರದಲ್ಲಿರುವ ಶಿಷ್ಯನಿಗೆ ಇದನ್ನು ಕಾಣಿಸುವುದು ಹೇಗೆ? ಲಂಡನ್ನಿನಲ್ಲಿ ಅಂಚೆಯ ಮೂಲಕ ಚಿತ್ರ ಕಲಿಸುತ್ತಿದ್ದ ಪರ್ಸಿ ಬ್ರಾಡ್‌ಷಾ, ಮೊದಲ ಮಹಾಯುದ್ಧದ ಸುಮಾರಿಗೆ, ಪ್ರಸಿದ್ಧ ಕಥಾಚಿತ್ರಕಾರರು ಇಪ್ಪತ್ತು ಮಂದಿಯಿಂದ ಒಂದೊಂದು ಚಿತ್ರ ಬರೆಯಿಸಿ, ಪ್ರತಿಯೊಂದೂ ಆರು ಹಂತಗಳಲ್ಲಿ ಬೆಳೆದ ಬಗೆಯನ್ನು ಅಚ್ಚುಹಾಕಿಸಿದನು. ೧೯೪೮ರಲ್ಲಿ ಆಲ್ಬರ್ಟ್ ಡಾರ್ನ್, ನಾರ್ಮನ್ ರಾಕ್‌ವೆಲ್ ಮೊದಲಾದವರು ಅಮೆರಿಕದಲ್ಲಿ ಸ್ಥಾಪಿಸಿದ ‘ಫೇಮಸ್ ಆರ್ಟಿಸ್ಟ್ಸ್ ಸ್ಕೂಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿದ್ಯಾರ್ಥಿಯ ಚಿತ್ರದ ಮೇಲೆ ಪಾರದರ್ಶಕ ಹಾಳೆಯನ್ನು ಹೊದಿಸಿ, ಅದರ ಮೇಲೆ ಉಪಾಧ್ಯಾಯನು ಸರಿಯಾದ ಗೆರೆಗಳನ್ನು ಎಳೆದು, ಕಾಗದ ಬರೆದು ಕಳುಹಿಸುತ್ತಿದ್ದನು.

ಅಂಚೆ ತೆರಪಿನ ಶಿಕ್ಷಣದ ಸಾರವೆಲ್ಲ ಆ ತೆಳು ಹಾಳೆಯಲ್ಲಿದೆ. ಪಾಠಗಳು ಪುಸ್ತಕದಲ್ಲಿಯೂ ಸಿಕ್ಕುತ್ತವೆ. ಇಂದು ಅಂತರಜಾಲದಲ್ಲಿ ಬಿಟ್ಟಿಯಾಗಿಯೇ ಸಿಕ್ಕುತ್ತವೆ. ಸಿಕ್ಕದಿರುವುದು ಒಂದೇ: ತನ್ನ ತಪ್ಪನ್ನು ತನಗಿಂತ ಚೆನ್ನಾಗಿ ಕಾಣಬಲ್ಲ ಇನ್ನೊಂದು ಕಣ್ಣು.

ಹೆಸರಿನ ಮೋಹ

ಆ ಕಣ್ಣು ನಿಜವಾಗಿ ಯಾರದೆಂದು ವಿಚಾರಿಸದಿದ್ದರೆ ಮೋಸಹೋಗುವುದು ಸುಲಭ. ಇದೇ ಸಂಸ್ಥೆ ಮುಂದೆ ಕಥೆ ಬರೆಯುವುದನ್ನು ಕಲಿಸಲು ಸೋದರ ಶಾಲೆಯೊಂದನ್ನು ತೆರೆಯಿತು. ೧೯೭೦ರಲ್ಲಿ ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಅದರ ಒಳಹೂರಣವನ್ನು ಬಯಲಿಗೆಳೆದರು. ಜಾಹೀರಾತಿನಲ್ಲಿ ಮುಖ ತೋರಿಸುವ ಪ್ರಸಿದ್ಧರು ವಿದ್ಯಾರ್ಥಿಗಳ ಬರಹವನ್ನು ತಿದ್ದುತ್ತಿರಲಿಲ್ಲ. ಹಣ ಕಟ್ಟಿದವರಲ್ಲಿ ಬಹಳ ಮಂದಿ ನಡುವೆಯೇ ಕೈಬಿಡುತ್ತಿದ್ದರು. ೧೯೭೨ರಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಕೈಬಿಟ್ಟವರೆಲ್ಲ ಸೋಮಾರಿಗಳೆನ್ನಲಾಗದು. ದಿನದ ದುಡಿಮೆ ಮುಗಿದ ಮೇಲೆ, ಗಂಟೆ ಹೊಡೆಯದ, ಸಹಪಾಠಿಗಳಿಲ್ಲದ ಶಾಲೆಯಲ್ಲಿ ಒಬ್ಬರೇ ಕುಳಿತು ಕಲಿಯುವುದು ಕಠಿನ ವ್ರತ.

ಶಾಲೆಯೇ ಇಲ್ಲದೆ

ಶಾಲೆಯ ಮುದ್ರೆ ಬೀಳದವರಿಗೆ ಕಥಾಚಿತ್ರ ಒಲಿಯದೆಂದೂ ಹೇಳುವಂತಿಲ್ಲ. ೧೯೨೧ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರು ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ, ಅಣ್ಣ ನಾರಾಯಣರ ಕಥೆಗಳಿಗೆ ‘ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು. ಕಿಟಕಿಯಾಚೆಯ ಕಾಗೆ, ಒಣರೆಂಬೆ, ಸೌದೆ ಸೀಳುವ ಆಳು, ಇವೇ ಅವರ ಪಾಠಗಳು.

ವಯಸ್ಸಿನ ಲಾಭ

ನಡುವಯಸ್ಸಿನವರ ಕೈ ಸುಲಭವಾಗಿ ಬಗ್ಗದಿರಬಹುದು; ಅವರ ಕಣ್ಣು ಮಾತ್ರ ಹಣ್ಣಾಗಿರುತ್ತದೆ. ಕಥೆಗೆ ಚಿತ್ರ ಬರೆಯುವವನು ಮೊದಲು ಒಳ್ಳೆಯ ಓದುಗನಾಗಬೇಕು. ಕಥೆಯ ಯಾವ ಕ್ಷಣವನ್ನು ಚಿತ್ರಿಸಬೇಕು, ಯಾವುದನ್ನು ಓದುಗನ ಊಹೆಗೆ ಬಿಡಬೇಕು ಎಂಬ ವಿವೇಕ ಅನುಭವದಿಂದ ಬರತಕ್ಕದ್ದು. ಸಾಲದ ಮಾತೆತ್ತಲು ಬಂದ ನಂಟ ಕುರ್ಚಿಯ ತುದಿಯಲ್ಲಿ ಕೂರುವ ರೀತಿ ಹದಿನೆಂಟರ ಹುಡುಗನಿಗಿಂತ ನಲವತ್ತರ ಗೃಹಿಣಿಗೆ ಚೆನ್ನಾಗಿ ಗೊತ್ತು. ಆದರೆ ಮಾಗಿದ ಕಣ್ಣಿಗೆ ಮಾಗದ ಕೈಯ ಗೆರೆ ಸಹಿಸದು. ಬೇಸರ ಬೇಗ ಹುಟ್ಟುತ್ತದೆ.

ಆದುದರಿಂದ ಶುಲ್ಕ ಕಟ್ಟುವ ಮೊದಲು ಮೂರು ತಿಂಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು ಮೇಲು. ದಿನಕ್ಕೆ ಅರ್ಧ ಗಂಟೆ, ಒಂದು ಪೆನ್ಸಿಲು, ಅಗ್ಗದ ಹಾಳೆ ಸಾಕು. ಪತ್ರಿಕೆ ಓದುವ ತಾತ, ಸೊಪ್ಪು ಬಿಡಿಸುವ ಅಜ್ಜಿ, ನಿದ್ದೆಹೋದ ಮಗು ಇವರೇ ಮಾದರಿಗಳು. ವಾರಕ್ಕೊಂದು ಕಥೆಯನ್ನು ಅದರ ಚಿತ್ರ ನೋಡದೆ ಓದಿ, ತಾವೇ ಒಂದು ಚಿತ್ರ ಬರೆದು, ಆಮೇಲೆ ಅಚ್ಚಾದುದರೊಡನೆ ಹೋಲಿಸಿ ನೋಡಬಹುದು. ಈ ಅಭ್ಯಾಸ ನಿಂತರೆ ಶುಲ್ಕ ಕಟ್ಟಿದರೂ ನಿಲ್ಲುತ್ತಿತ್ತು, ಹಣವಾದರೂ ಉಳಿಯಿತು. ನಿಲ್ಲದೆ ನಡೆದರೆ, ಆಗ ಶಾಲೆಯವರನ್ನು ಕೇಳತಕ್ಕ ಪ್ರಶ್ನೆಗಳು ಮೂರು: ಚಿತ್ರವನ್ನು ತಿದ್ದುವವರು ಯಾರು? ಎಷ್ಟು ಚಿತ್ರಗಳನ್ನು ತಿದ್ದಿಕೊಡುತ್ತಾರೆ? ನಡುವೆ ಬಿಟ್ಟರೆ ಹಣವೆಷ್ಟು ಮರಳುತ್ತದೆ? ನೇರವಾದ ಉತ್ತರ ಬಾರದ ಕಡೆ ಹಣ ಕಟ್ಟಬಾರದು.

ಕಂಪ್ಯೂಟರೇ ಕ್ಷಣದಲ್ಲಿ ಚಿತ್ರ ರಚಿಸಿಕೊಡುವ ಈ ಕಾಲದಲ್ಲಿ ಇದರಿಂದ ಸಂಸಾರ ಸಾಗೀತೆಂದು ನೌಕರಿ ಬಿಡುವುದು ಸಲ್ಲದು. ಆದರೆ ಇಪ್ಪತ್ತು ವರ್ಷ ಕಂಡೂ ಕಾಣದಿದ್ದ ಮನೆಯವರ ಮುಖಗಳನ್ನು, ಅವರ ಕೈಗಳನ್ನು ಚಿತ್ರ ಬರೆಯಲು ಕುಳಿತಾಗ ಮೊದಲ ಬಾರಿಗೆ ಕಾಣುವುದು ಕಡಮೆಯ ಲಾಭವಲ್ಲ. ಅದಕ್ಕೆ ವಯೋಮಿತಿಯೂ ಇಲ್ಲ.