ಕಾಲವಿಲ್ಲದ ಕ್ರಿಯಾಪದ

ಗುಂಡ್ಲುಪೇಟೆಯ ಸಂತೆಯಲ್ಲಾಗಲಿ ಚಾಮರಾಜನಗರದ ಬಸ್ ನಿಲ್ದಾಣದಲ್ಲಾಗಲಿ ಹಿರಿಯರೊಬ್ಬರನ್ನು ಯಾರದೋ ಮನೆಯ ದಾರಿ ವಿಚಾರಿಸಿದಾಗ, ಅವರಿಗದು ತಿಳಿಯದಿದ್ದ ಪಕ್ಷದಲ್ಲಿ, 'ಕಾಣೆ ಕನಪ್ಪ' ಎಂಬ ಉತ್ತರ ದೊರೆಯುವುದುಂಟು. ನಗರದ ನುಡಿಯಿಂದ ಬಹುಮಟ್ಟಿಗೆ ಕಣ್ಮರೆಯಾಗಿರುವ, ಕನ್ನಡದ ಅತ್ಯಂತ ವಿಲಕ್ಷಣವಾದ ಕ್ರಿಯಾರೂಪವೊಂದು ಆ 'ಕಾಣೆ'ಯಲ್ಲಿ ಇನ್ನೂ ಜೀವಂತವಾಗಿದೆ.

ಶಾಲೆಯ ವ್ಯಾಕರಣವು ಇದನ್ನು ನಿಷೇಧಾರ್ಥಕವೆಂದು ಕರೆಯುತ್ತದೆ. 'ಮಾಡಿದೆನು' ಎಂಬಲ್ಲಿ ದಕಾರವು ಭೂತಕಾಲವನ್ನೂ 'ಮಾಡುವೆನು' ಎಂಬಲ್ಲಿ ವಕಾರವು ಭವಿಷ್ಯತ್ಕಾಲವನ್ನೂ ಸೂಚಿಸುತ್ತವಷ್ಟೆ. ಆ ಸ್ಥಾನವನ್ನು ಬರಿದಾಗಿರಿಸಿ, ಧಾತುವಿಗೆ ನೇರವಾಗಿ, ಕರ್ತೃವನ್ನು ಸೂಚಿಸುವ ಆಖ್ಯಾತಪ್ರತ್ಯಯವನ್ನು ಹಚ್ಚಿದರೆ 'ಮಾಡೆನು' ಎಂದಾಗುತ್ತದೆ. 'ಇಲ್ಲ' ಎಂಬರ್ಥದ ಅಕ್ಷರವೊಂದೂ ಕಣ್ಣಿಗೆ ಬೀಳದಿದ್ದರೂ, ಕಾಲಸೂಚಕದ ಅಭಾವವೇ ಕ್ರಿಯೆಯ ಅಭಾವವಾಗಿ ಪರಿಣಮಿಸುವ ಈ ಚಮತ್ಕಾರವು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ಲರ ಗಮನವನ್ನೂ ಸೆಳೆದಿತ್ತು. ನಮ್ಮ 'ಅರಿಯೆನು' ತಮಿಳಿನ 'ಅರಿಯೇನ್' ಎಂಬುದರ ಒಡಹುಟ್ಟು. ನೀಲಗಿರಿಗೂ ವಯನಾಡಿಗೂ ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯಲ್ಲಿ ಈ ನಂಟು ಸಹಜವಾಗಿಯೇ ನೆನಪಿಗೆ ಬರುತ್ತದೆ.

ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿಯೂ ಹೀಗೆ ಸಹಾಯಕ್ರಿಯೆಯ ಹಂಗಿಲ್ಲದೆ ನಿಷೇಧಿಸುವ 'ಐ ನೋ ನಾಟ್' ಎಂಬುದು ರೂಢಿಯ ಮಾತೇ ಆಗಿದ್ದಿತು. ತರುವಾಯ 'ಡು' ಎಂಬ ಸಹಾಯಕ್ರಿಯೆ ನಡುವೆ ಬಂದು ನಿಂತು, ಆ ಹಳೆಯ ರೂಪವು ಕಾವ್ಯಕ್ಕೆ ಮೀಸಲಾಯಿತು. ನಮ್ಮಲ್ಲಿ ಅದೇ ಕೆಲಸವನ್ನು 'ಇಲ್ಲ' ಎಂಬುದು ಮಾಡಿತಾದರೂ ನಮಗಾದ ನಷ್ಟವೇ ಹೆಚ್ಚಿನದು. ಮಾಡೆನು, ಮಾಡಳು, ಮಾಡರು ಎಂದಾಗ ಕರ್ತೃವು ಯಾರೆಂಬುದು ಕ್ರಿಯಾಪದದಿಂದಲೇ ವಿದಿತವಾಗುತ್ತಿತ್ತು. 'ಮಾಡುವುದಿಲ್ಲ' ಎಂಬುದಾದರೋ ಎಲ್ಲರಿಗೂ ಒಂದೇ. ಅದಕ್ಕಿಂತಲೂ ಸೂಕ್ಷ್ಮವಾದುದು ಅರ್ಥಭೇದ. 'ಹೋಗಲಾರೆ' ಎಂಬವನಿಗೆ ಶಕ್ತಿಯಿಲ್ಲ. 'ಹೋಗಲೊಲ್ಲೆ' ಎಂಬವನಿಗೆ ಮನಸ್ಸಿಲ್ಲ. 'ಹೋಗೆ' ಎಂಬವನು ಕಾರಣವನ್ನೇ ಹೇಳದೆ ನಿಶ್ಚಯವನ್ನಷ್ಟೇ ಮುಂದಿಡುತ್ತಾನೆ. 'ಹೋಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ಈ ಮೂವರೂ ಬೆರೆತು ಗುರುತು ಸಿಗದಂತಾಗುತ್ತಾರೆ. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆಯ ಮರ್ಮವೆಲ್ಲವೂ ಆ 'ಲಾರದ' ಎಂಬಲ್ಲಿಯೇ ಇದೆ. 'ಕುಣಿಯದವಳು' ಎಂದುಬಿಟ್ಟರೆ ಗಾದೆಯೇ ಉಳಿಯದು. ಇದೀಗ ಬರೆದ 'ಉಳಿಯದು' ಎಂಬುದೂ, ನಿತ್ಯ ನಾವಾಡುವ ಸಾಲದು, ಕೂಡದು, ಬಾರದು ಎಂಬುವೂ ಇದೇ ರೂಪದ ಅವಶೇಷಗಳು.

ಕಾರಣ ಹೇಳದ ಅಂಥ ನಿಶ್ಚಯಕ್ಕೆ ನಿದರ್ಶನವೊಂದು ಚಾಮರಾಜನಗರ ಜಿಲ್ಲೆಯಲ್ಲಿಯೇ ಉಂಟು. ಇಲ್ಲಿನ ಕಂಸಾಳೆಯ ದೇವರಗುಡ್ಡರು ಹಾಡುವ ಮಲೆಮಾದೇಶ್ವರನ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲೆಂಬ ಭಾಗವಿದೆ. ಕಾಡಿಗೆ ಹೊರಟುನಿಂತ ಗಂಡ ನೀಲೇಗೌಡನು ಹೆಂಡತಿಯ ಶೀಲದ ವಿಷಯವಾಗಿ ಬಲಗೈ ಭಾಷೆಯನ್ನು, ಎಂದರೆ ಆಣೆಯನ್ನು, ಕೊಡು ಎಂದು ಪೀಡಿಸಿದಾಗ, ನಿಷ್ಕಳಂಕಳಾಗಿದ್ದೂ, ಘೋರವಾದ ಹಿಂಸೆಯನ್ನು ಅನುಭವಿಸಿಯೂ ಸಂಕಮ್ಮ ಅದಕ್ಕೆ ಸಮ್ಮತಿಸುವುದಿಲ್ಲ. ಕಟ್ಟಕಡೆಗೆ ಮಾದೇಶ್ವರನೇ ಅವಳಿಗೊಲಿದು ಸಂತಾನಭಾಗ್ಯವನ್ನು ಕರುಣಿಸುತ್ತಾನೆ. ಅವಳ ನಿರಾಕರಣೆಯ ಸ್ವರೂಪವನ್ನು ವಿಚಾರಿಸಿ ನೋಡಬೇಕು. ಭಾಷೆ ಕೊಡಲು ಆಕೆಗೆ ಬಾಯಿಲ್ಲದಿರಲಿಲ್ಲ, ಕೈಯಿಲ್ಲದಿರಲಿಲ್ಲ, ಕೊಟ್ಟರೆ ಸುಳ್ಳಾಗುವ ಭಯವೂ ಇರಲಿಲ್ಲ. ಆದುದರಿಂದ ಅದು 'ಕೊಡಲಾರೆ' ಎಂಬುದಲ್ಲ. ಇಂದು ಕೊಡದೆ ನಾಳೆ ಕೊಟ್ಟೇನೆಂಬ ಅವಕಾಶವನ್ನೂ ಆಕೆ ಉಳಿಸಲಿಲ್ಲ. ನಿನ್ನೆ, ಇಂದು, ನಾಳೆಗಳೆಂಬ ಭೇದವನ್ನೇ ಒಳಗೊಳ್ಳದ, ನಾನೆಂಬ ಕರ್ತೃವನ್ನು ಮಾತ್ರ ಬಿಡದೆ ಹಿಡಿದಿರುವ ಅಂಥ ನಿಲುವಿಗೆ ಕನ್ನಡದಲ್ಲಿ ಒಪ್ಪುವ ಕ್ರಿಯಾಪದವು 'ಕೊಡೆ' ಎಂಬುದೊಂದೇ.