ಮೋಟಾರಿನ ಸಿಲಿಂಡರ್ ಹೆಡ್ಡು

ಮೋಟಾರು ಎಂಜಿನ್ನಿಗೆ ಸಿಲಿಂಡರ್ ಹೆಡ್ಡೆಂಬುದು ಮುಚ್ಚಳವಿದ್ದಂತೆ. ಅದಕ್ಕೂ ಕೆಳಗಣ ಬ್ಲಾಕಿಗೂ ನಡುವೆ ಗ್ಯಾಸ್ಕೆಟ್ಟೆಂಬ ತೆಳುಹಾಳೆಯುಂಟು. ಕಾವೇರಿದಾಗ ಅಲ್ಯೂಮಿನಿಯಮ್ಮು ಎರಕದ ಕಬ್ಬಿಣಕ್ಕಿಂತ ಸುಮಾರು 2 ಪಟ್ಟು ಹಿಗ್ಗುವುದು. ಆದಕಾರಣ ನೀರು ಬತ್ತಿದ ಗಾಡಿಯನ್ನು ಓಡಿಸಿದರೆ ಅಂತಹ ಹೆಡ್ಡು ಸೊಟ್ಟಗಾಗಬಹುದು. ಆಗ ನೀರು ಸೇರಿದ ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಾಣುವುದು. ಬಳಿಕವೂ ಓಡಿಸಿದಲ್ಲಿ ಬೇರಿಂಗುಗಳು ಕೆಡುವುವು.

ಹೆಡ್ಡನ್ನು ಬದಲಾಯಿಸಲು ಎಂಜಿನ್ನು ಪೂರ್ತಿ ಆರಿರಬೇಕು. ಬೋಲ್ಟುಗಳನ್ನು ಸಾಮಾನ್ಯವಾಗಿ ಅಂಚಿನಿಂದ ನಡುವಿನ ಕಡೆಗೆ ಸಡಿಲಿಸುವರು. ಬ್ಲಾಕಿನ ಮೈಯನ್ನು ಶುದ್ಧಗೊಳಿಸಿ, ಅದು ಸಮವಾಗಿದೆಯೆ ಎಂದು ನೇರಪಟ್ಟಿಯಿಟ್ಟು ಪರೀಕ್ಷಿಸಿ, ಹೊಸ ಗ್ಯಾಸ್ಕೆಟ್ಟನ್ನೇ ಹಾಕತಕ್ಕದ್ದು. ಹಳೆಯದನ್ನು ಹಾಕುವುದು ಕಾಸುಳಿಸಿ ನೂರು ಕಳೆದಂತೆ. ತರುವಾಯ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಹಂತಹಂತವಾಗಿ, ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು.

ವಾಚಕರೇ, ಕಾವಿನ ಮುಳ್ಳು ಕೆಂಪು ಗೆರೆಗೇರಿದೊಡನೆ ಗಾಡಿಯನ್ನು ನಿಲ್ಲಿಸಿರಿ. ಬಿಸಿ ಆರುವತನಕ ರೇಡಿಯೇಟರಿನ ಮುಚ್ಚಳವನ್ನು ಮುಟ್ಟದಿರಿ.